ಹೆಪ್ಪಕ್ಕನ ಹತ್ತನೆಯ ಟ್ಯೂಬು

ಹೆಪ್ಪಕ್ಕನ ಬಗ್ಗೆ ಒಂದು ಪುಟ ಬರೆದುಕೊಡು ಎಂದು ನಮ್ಮ ದೊಡ್ಡ ಡಾಕ್ಟರು ನನಗೆ ಹೇಳಿದ್ದರು. ಬೀಳ್ಕೊಡುಗೆಯ ದಿನ ಓದಲಿಕ್ಕೆ. ಆಸ್ಪತ್ರೆಯ ಲ್ಯಾಬಿನಲ್ಲಿ ಮೂವತ್ತೆರಡು ವರ್ಷ ದುಡಿದವಳು, ಅವಳ ಕೈಕೆಳಗೇ ಕಲಿತವಳು ನೀನು, ನಿನಗಿಂತ ಚೆನ್ನಾಗಿ ಯಾರು ಬರೆದಾರು ಎಂದರು. ಬರೆದೆ. ಚೆನ್ನಾಗಿಯೇ ಬರೆದೆ, ಓದಿದರೆ ಹಿಂದಿನ ಸಾಲಿನವರೂ ಮೂಗು ಒರೆಸಿಕೊಳ್ಳುವ ಹಾಗೆ. ಆದರೆ ಆ ಪುಟವನ್ನು ಆ ದಿನ ಯಾರೂ ಓದಲಿಲ್ಲ. ಇದು ಆ ಪುಟವಲ್ಲ.

ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ವಾರ್ಡಿನ ನರ್ಸಿನಿಂದ ಹಿಡಿದು ಬಾಗಿಲ ಕಾವಲಿನವನವರೆಗೆ ಎಲ್ಲರಿಗೂ ಅವಳು ಹೆಪ್ಪಕ್ಕ. ಹೆಸರು ಬಂದದ್ದು ಕೆಲಸದಿಂದ. ರೋಗಿಯ ಗಾಯದಿಂದಲೋ ಗಂಟಲಿನಿಂದಲೋ ಹತ್ತಿಕಡ್ಡಿಯಲ್ಲಿ ತೆಗೆದ ಮಾದರಿಯನ್ನು ತಟ್ಟೆಯಲ್ಲಿ ಬೆಳೆಸಿ, ಅಲ್ಲಿ ಎದ್ದದ್ದು ಯಾವ ರೋಗಾಣು ಎಂದು ಪತ್ತೆ ಮಾಡುವುದು ನಮ್ಮ ದಿನನಿತ್ಯದ ಕೆಲಸ. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟರೆ ಎಷ್ಟೋ ಅಣುಜೀವಿಗಳು ಒಂದೇ ತರಹ ಕಾಣುತ್ತವೆ, ದುಂಡಗೆ, ದ್ರಾಕ್ಷಿ ಗೊಂಚಲಿನ ಹಾಗೆ. ಸಾಧು ಯಾವುದು, ಕೊಲೆಗಡುಕ ಯಾವುದು ಎಂದು ಮುಖ ನೋಡಿ ಹೇಳಲಾಗುವುದಿಲ್ಲ. ಆದರೆ ಪ್ರತಿಯೊಂದರೊಳಗೂ ಅದರದೇ ಆದ ಕಿಣ್ವಗಳಿರುತ್ತವೆ, ಆ ಕಿಣ್ವಗಳು ಮಾಡುವ ಕೆಲಸವನ್ನು ಮುಚ್ಚಿಡಲು ಅದಕ್ಕೆ ಆಗುವುದಿಲ್ಲ. ಒಂದಕ್ಕೆ ಪೆರಾಕ್ಸೈಡಿನ ಹನಿ ಬಿಟ್ಟರೆ ಬುಸಬುಸನೆ ನೊರೆ ಏಳುತ್ತದೆ. ಇನ್ನೊಂದು ಹಳದಿ ದ್ರವವನ್ನು ಗುಲಾಬಿ ಮಾಡುತ್ತದೆ. ಮತ್ತೊಂದು, ಮೊಲದ ರಕ್ತದಿಂದ ತೆಗೆದ ಪ್ಲಾಸ್ಮಾವನ್ನು ಹೆಪ್ಪುಗಟ್ಟಿಸುತ್ತದೆ.

"ಯಾರಪ್ಪಾ ನೀನು ಅಂತ ಕೇಳ್ಬೇಡ ಕಣೇ. ಏನ್ ಕೆಲಸ ಮಾಡ್ತೀಯಪ್ಪಾ ಅಂತ ಕೇಳು. ಎಲ್ಲಾ ಬಾಯ್ಬಿಡುತ್ತೆ," ಎಂದಿದ್ದಳು ನಾನು ಸೇರಿದ ಮೊದಲ ದಿನವೇ. ಆಮೇಲೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ನಿನ್ನ ಬಾಯಿ ಬಿಡಿಸೋದಕ್ಕೆ ಯಾವ ಕಿಣ್ವಾನೂ ಬೇಡ ಅನ್ಸುತ್ತೆ," ಎಂದು ಸೇರಿಸಿದಳು. ಅಂದಿನಿಂದ ನಾನು ಅವಳಿಗೆ ಬಾಯಿಬಡಕಿ.

ಆ ಹೆಪ್ಪುಗಟ್ಟಿಸುವ ಪರೀಕ್ಷೆಯೇ ಅವಳ ಪಾಲಿನ ಕೆಲಸ. ಎಲ್ಲರ ಚರ್ಮದ ಮೇಲೂ ಸುಮ್ಮನೆ ಬಿದ್ದಿರುವ ಒಂದು ಬಡಪಾಯಿ ಅಣುಜೀವಿ ಇದೆ. ಅದರದೇ ದಾಯಾದಿ ಇನ್ನೊಂದು ಇದೆ, ಗಾಯಕ್ಕೆ ಇಳಿದರೆ ಮೂಳೆ ತಿನ್ನುತ್ತದೆ, ರಕ್ತಕ್ಕೆ ಇಳಿದರೆ ಪ್ರಾಣ ತಿನ್ನುತ್ತದೆ. ಎರಡಕ್ಕೂ ಇರುವ ದೊಡ್ಡ ವ್ಯತ್ಯಾಸ ಆ ಕಿಣ್ವ. ಬೆಳಿಗ್ಗೆ ಒಂಬತ್ತೂವರೆಗೆ ಚಿಕ್ಕ ಗಾಜಿನ ಟ್ಯೂಬಿಗೆ ಪ್ಲಾಸ್ಮಾ ಹಾಕಿ, ತಟ್ಟೆಯಲ್ಲಿ ಬೆಳೆದ ಒಂದು ಚುಕ್ಕಿಯನ್ನು ತಂತಿಯ ಕುಣಿಕೆಯಲ್ಲಿ ಎತ್ತಿ ಅದಕ್ಕೆ ಬೆರೆಸಿ, ಮೈಬಿಸಿಯಷ್ಟು ಬೆಚ್ಚಗಿರುವ ನೀರಿನ ಪೆಟ್ಟಿಗೆಯಲ್ಲಿ ನಿಲ್ಲಿಸಬೇಕು. ಸರಿಯಾಗಿ ನಾಲ್ಕು ಗಂಟೆ ಕಳೆದ ಮೇಲೆ, ಅಂದರೆ ಒಂದೂವರೆಗೆ, ಎತ್ತಿ ಓರೆ ಮಾಡಿ ನೋಡಬೇಕು. ಹೆಪ್ಪುಗಟ್ಟಿದ್ದರೆ ಅದು ಕೊಲೆಗಡುಕ. ಇಲ್ಲದಿದ್ದರೆ ಹೊರಗಿಟ್ಟು ಮರುದಿನ ಬೆಳಿಗ್ಗೆ ಇನ್ನೊಂದು ಸಲ ನೋಡಬೇಕು. ರಿಜಿಸ್ಟರಿನಲ್ಲಿ ಎರಡು ಕಾಲಂ, ಒಂದೂವರೆಯದು ಒಂದು, ಮರುಬೆಳಗಿನದು ಒಂದು.

ಬೆಳಿಗ್ಗೆ ಹೇಗೂ ನೋಡುವುದಿದ್ದರೆ ಮಧ್ಯಾಹ್ನ ಯಾಕೆ ಒದ್ದಾಡಬೇಕು ಎಂದು ನಾನು ಕೇಳಿದ್ದೆ. ಹೆಪ್ಪಕ್ಕ ಕೈಲಿದ್ದ ಕೆಲಸ ಬಿಟ್ಟು ನನ್ನ ಕಡೆ ತಿರುಗಿದ್ದಳು. "ಕೆಲವು ಬಲೇ ಖದೀಮ ಇರ್ತಾವೆ. ಮೊದಲು ಹೆಪ್ಪುಗಟ್ಟಿಸ್ತಾವೆ. ಆಮೇಲೆ ಇನ್ನೊಂದು ಕಿಣ್ವ ಬಿಟ್ಟು ತಾವೇ ಅದನ್ನ ಕರಗಿಸಿಬಿಡ್ತಾವೆ. ಬೆಳಿಗ್ಗೆ ಬಂದು ನೋಡಿದ್ರೆ ನೀರು. ನೀನು ಪಾಪದ್ದು ಅಂತ ಬರೀತೀಯ. ಆ ಕಡೆ ರೋಗಿ ಸಾಯ್ತಾನೆ. ತಿಳೀತಾ?"

"ತಿಳೀತು ಅಕ್ಕ."

"ಉಗುರಿನಷ್ಟು ಹೆಪ್ಪಿದ್ರೂ ಅದು ಹೆಪ್ಪೇ. ಅದೂ ತಿಳೀಲಿ."

ಎಲ್ಲವೂ ತಿಳಿಯಿತು. ತಿಳಿಯದೆ ಮಾಡಿದೆ ಎಂದು ಹೇಳಿಕೊಳ್ಳುವ ಭಾಗ್ಯ ನನಗಿಲ್ಲ.

ಒಂದೂವರೆ ಹತ್ತಿರವಾದರೆ ಹೆಪ್ಪಕ್ಕನನ್ನು ಯಾರೂ ಮಾತಾಡಿಸುತ್ತಿರಲಿಲ್ಲ. ತುತ್ತು ಬಾಯಿಗಿಟ್ಟಿದ್ದರೂ ಎದ್ದು ಬರುತ್ತಿದ್ದಳು. ಒಮ್ಮೆ ದೊಡ್ಡ ಡಾಕ್ಟರು ಯಾರೋ ಅಧಿಕಾರಿಗಳನ್ನು ಕರೆದುಕೊಂಡು ಬಂದು ಲ್ಯಾಬು ತೋರಿಸುತ್ತಿದ್ದಾಗ, ಅವರ ಮಾತಿನ ನಡುವೆಯೇ ಬೆನ್ನು ತಿರುಗಿಸಿ ನೀರಿನ ಪೆಟ್ಟಿಗೆಯ ಹತ್ತಿರ ನಡೆದವಳು ಅವಳು. ಟ್ಯೂಬನ್ನು ಎಂದೂ ಅಲ್ಲಾಡಿಸುತ್ತಿರಲಿಲ್ಲ. ಮಲಗಿದ ಮಗುವಿನ ತಲೆ ಹೊರಳಿಸುವಷ್ಟು ಮೆಲ್ಲಗೆ ಓರೆ ಮಾಡುತ್ತಿದ್ದಳು. ಈ ಅಭ್ಯಾಸ ಅವಳ ಮೈಗೆ ಹತ್ತಿಬಿಟ್ಟಿತ್ತು. ನೀರಿನ ಲೋಟವನ್ನೂ ಓರೆ ಮಾಡಿ ನೋಡಿಯೇ ಕುಡಿಯುತ್ತಿದ್ದಳು. ನಾವು ಗೇಲಿ ಮಾಡಿದರೆ ತಾನೂ ನಗುತ್ತಿದ್ದಳು, ಮರುಕ್ಷಣ ಮತ್ತೆ ಓರೆ ಮಾಡುತ್ತಿದ್ದಳು.

ಅವಳಿಗೆ ಮದುವೆಯಾಗಿರಲಿಲ್ಲ. ಮನೆಯಲ್ಲಿ ಇದ್ದವಳು ತಂಗಿ ಒಬ್ಬಳೇ, ಹನ್ನೊಂದು ವರ್ಷ ಚಿಕ್ಕವಳು. ತಾಯಿ ತೀರಿಕೊಂಡಾಗ ತಂಗಿಗೆ ಆರು ವರ್ಷ, ಅಂದಿನಿಂದ ತಲೆ ಬಾಚಿ, ಶಾಲೆಗೆ ಕಳಿಸಿ, ಜ್ವರ ಬಂದರೆ ಎಚ್ಚರವಿದ್ದು ಬೆಳೆಸಿದ್ದು ಹೆಪ್ಪಕ್ಕನೇ. ಅವಳನ್ನು ಪುಟ್ಟಿ ಎಂದು ಕರೆಯುತ್ತಿದ್ದಳು. ಪುಟ್ಟಿ ನಲವತ್ತು ದಾಟಿದ ಮೇಲೂ ಪುಟ್ಟಿಯೇ. ಮನೆಯ ಕೆಳಗಿನ ಕೋಣೆಯಲ್ಲಿ ಅವಳ ಹೊಲಿಗೆ ಅಂಗಡಿ ಇತ್ತು. ಎರಡು ಮೆಷಿನ್ನು, ಗೋಡೆಯುದ್ದಕ್ಕೂ ಬಟ್ಟೆಯ ಥಾನುಗಳು, ನೆಲದ ಮೇಲೆ ಕಾಲಿಟ್ಟರೆ ಅಂಟಿಕೊಳ್ಳುವ ದಾರದ ತುಂಡುಗಳು. ಬಾಯಿ ಬಹಳ ಜೋರು. "ನಮ್ಮಕ್ಕ ಇಡೀ ಊರಿನ ಕೀವು ನೋಡ್ತಾಳೆ, ನನ್ನ ಹೊಸ ಸೀರೆ ಮಾತ್ರ ನೋಡಲ್ಲ," ಎಂದು ಗಿರಾಕಿಗಳ ಮುಂದೆಯೇ ಅಕ್ಕನನ್ನು ಹಂಗಿಸುತ್ತಿದ್ದಳು. ಆದರೆ ಅಕ್ಕನ ಬಿಳಿ ಕೋಟನ್ನು ಬೇರೆ ಯಾರ ಕೈಗೂ ಕೊಡುತ್ತಿರಲಿಲ್ಲ. ತಾನೇ ಹೊಲಿದು, ಎದೆಯ ಹತ್ತಿರ ಗಂಟೆ ಬಾರಿಸುವ ಟೈಮರಿಗೆಂದು ಉದ್ದನೆಯ ಒಂದು ಜೇಬು ಇಟ್ಟುಕೊಡುತ್ತಿದ್ದಳು. ನಾನು ಕೆಲಸಕ್ಕೆ ಸೇರಿ ಎರಡು ತಿಂಗಳಾದಾಗ ನನಗೂ ಅಂಥದೇ ಒಂದು ಕೋಟು ಬಂತು. ಅಳತೆ ಕೊಟ್ಟಿರಲಿಲ್ಲ. "ನಿನ್ನ ಬಗ್ಗೆ ಅಕ್ಕ ದಿನಾ ಹೇಳ್ತಾಳಲ್ಲ, ಅದರಿಂದಲೇ ಅಳತೆ ತಗೊಂಡೆ," ಎಂದಳು ಪುಟ್ಟಿ. ಕೋಟು ಸರಿಯಾಗಿ ಕೂತಿತು.

ಲ್ಯಾಬಿನಲ್ಲಿ ಹೆಪ್ಪಕ್ಕ ಮಾಡಿಟ್ಟ ಒಂದು ಕಟ್ಟಳೆ ಇತ್ತು. ರಕ್ತಸಂಬಂಧಿಗಳ ಟ್ಯೂಬನ್ನು ತಾನೇ ಹಾಕಬಹುದು, ತಾನೇ ಓದಬಾರದು. ಅವಳಿಗೆ ಕೆಲಸ ಕಲಿಸಿದ ಹಿರಿಯರೊಬ್ಬರು ತಮ್ಮ ಮಗನ ಟ್ಯೂಬನ್ನು ಮೂರು ಸಲ ನೋಡಿ ಮೂರು ಸಲವೂ ಏನೂ ಇಲ್ಲ ಎಂದಿದ್ದರಂತೆ. ಪಕ್ಕದಲ್ಲಿ ನಿಂತ ಇವಳಿಗೆ ಹೆಪ್ಪು ಎದ್ದು ಕಾಣುತ್ತಿತ್ತಂತೆ. "ಅವರು ಸುಳ್ಳು ಹೇಳ್ಲಿಲ್ಲ ಕಣೇ. ಅವರಿಗೆ ನಿಜವಾಗ್ಲೂ ಕಾಣ್ಲಿಲ್ಲ. ನಮ್ಮೋರದ್ದು ಅಂದ್ರೆ ಕಣ್ಣಿಗೆ ಪೊರೆ ಬರುತ್ತೆ," ಎನ್ನುತ್ತಿದ್ದಳು. ಆ ಕಟ್ಟಳೆಯನ್ನು ಅವಳು ಒಮ್ಮೆಯೂ ಮುರಿದಿರಲಿಲ್ಲ.

ಏಳು ವರ್ಷದ ಹಿಂದೆ ಪುಟ್ಟಿ ಮೇಲಿನ ಸಾಲಿನ ಥಾನು ತೆಗೆಯಲು ಸ್ಟೂಲು ಹತ್ತಿ ಜಾರಿ ಬಿದ್ದಳು. ಕಾಲಿನ ಗೆಣ್ಣಿನ ಮೂಳೆ ಮುರಿಯಿತು. ನಮ್ಮ ಆಸ್ಪತ್ರೆಯಲ್ಲೇ ಆಪರೇಷನ್ ಮಾಡಿ ಒಳಗೆ ಉಕ್ಕಿನ ಪಟ್ಟಿ ಕೂರಿಸಿದರು. ಆರನೆಯ ದಿನ ಹೊಲಿಗೆಯ ಒಂದು ತುದಿಯಿಂದ ನೀರು ಒಸರತೊಡಗಿತು. ಸರ್ಜನ್ ಹತ್ತಿಕಡ್ಡಿಯಲ್ಲಿ ಮಾದರಿ ತೆಗೆದು ಕೆಳಗೆ ನಮ್ಮ ಲ್ಯಾಬಿಗೆ ಕಳಿಸಿದರು. ಚರ್ಮದ ಬಡಪಾಯಿಯಾದರೆ ಬರೀ ಡ್ರೆಸಿಂಗ್ ಸಾಕು, ಕೊಲೆಗಡುಕನಾದರೆ ಕೂಡಲೇ ಗಾಯ ಬಿಚ್ಚಿ ತೊಳೆದು ಜೋರು ಔಷಧಿ ಶುರು ಮಾಡಬೇಕು ಎಂದರು. ಅಂದರೆ ಪುಟ್ಟಿಯ ಗತಿ ಒಂದು ಟ್ಯೂಬಿನ ಮೇಲೆ ನಿಂತಿತು.

ತಟ್ಟೆಯಲ್ಲಿ ಚುಕ್ಕಿಗಳು ಎದ್ದ ದಿನ ಬೆಳಿಗ್ಗೆ ಹೆಪ್ಪಕ್ಕನೇ ಟ್ಯೂಬು ಹಾಕಿದಳು. ಒಟ್ಟು ಹತ್ತು. ಅದರಲ್ಲಿ ಒಂದು, ಹೆಪ್ಪುಗಟ್ಟಲೇಬೇಕಾದ ನಮ್ಮದೇ ಸಾಕಿದ ರೋಗಾಣುವಿನದು, ಪ್ಲಾಸ್ಮಾ ಕೆಟ್ಟಿಲ್ಲ ಎಂಬುದಕ್ಕೆ ಸಾಕ್ಷಿ. ಕೊನೆಯದು ಪುಟ್ಟಿಯದು.

"ಚುಕ್ಕಿ ಬಣ್ಣ ಯಾಕೋ ನಂಗೆ ಹಿಡಿಸ್ಲಿಲ್ಲ," ಎಂದಳು ಮೆಲ್ಲಗೆ. "ಹೋಗ್ಲಿ, ಬಣ್ಣ ನಂಬಬಾರದು. ಟ್ಯೂಬು ಹೇಳುತ್ತೆ. ಒಂದೂವರೆಗೆ ಹತ್ತನೇದು ನಿಂದು. ನಾನು ಮುಟ್ಟಲ್ಲ. ನೋಡ್ತೀಯ ತಾನೇ?"

"ಅಯ್ಯೋ ಅಕ್ಕ, ಅದನ್ನೂ ಹೇಳ್ಬೇಕಾ?" ಎಂದೆ.

ಅಂದು ಮೂರನೆಯ ಮಹಡಿಯ ಸಭಾಕೋಣೆಯಲ್ಲಿ ಒಂದು ಕಂಪನಿಯವರು ಹೊಸ ಯಂತ್ರ ತೋರಿಸಲು ಬಂದಿದ್ದರು. ರೋಗಾಣುಗಳ ಕಿಣ್ವ ಮಾಡುವ ಬಣ್ಣದ ಬದಲಾವಣೆಯನ್ನು ಯಂತ್ರವೇ ನೋಡಿ, ಯಂತ್ರವೇ ಹೆಸರು ಹೇಳುತ್ತದಂತೆ. ಮನುಷ್ಯರ ಮರೆವು, ಮನುಷ್ಯರ ಸೋಮಾರಿತನ ಯಾವುದೂ ಅದಕ್ಕಿಲ್ಲ ಎಂದು ಟೈ ಕಟ್ಟಿದವನೊಬ್ಬ ಪರದೆಯ ಮುಂದೆ ನಿಂತು ಹೇಳುತ್ತಿದ್ದ. ನಾವು ತಲೆಯಾಡಿಸುತ್ತಿದ್ದೆವು. ಆಮೇಲೆ ಊಟ. ಒಂದೂ ಕಾಲಿಗೆ ನಾನು ಏಳಬೇಕೆಂದುಕೊಂಡೆ. ಆಗ ಊಟ ಅರ್ಧಕ್ಕೆ ಬಂದಿತ್ತು. ಐಸ್‌ಕ್ರೀಮ್ ಬರಬೇಕಿತ್ತು, ತರುವವನು ತಡ ಮಾಡಿದ್ದ. ಇನ್ನೈದು ನಿಮಿಷ ಎಂದು ಕೂತೆ. ಜೇಬಿನಲ್ಲಿ ಟೈಮರು ಕಿರುಗುಟ್ಟಿತು. ಎಲ್ಲರೂ ನೋಡಿದರು. ನಾಚಿಕೆಯಾಗಿ ಕೈಹಾಕಿ ಆರಿಸಿದೆ. ಐಸ್‌ಕ್ರೀಮ್ ಬಂತು. ಮಾತಿಗೆ ಮಾತು ಬೆಳೆಯಿತು. ನನ್ನ ಬಾಯಿ ಗೊತ್ತಲ್ಲ, ಬಿಟ್ಟರೆ ಆಯಿತು.

ಕೆಳಗೆ ಏನಾಯಿತು ಎಂದು ಆಮೇಲೆ ಸೀಸೆ ತೊಳೆಯುವ ಅಮ್ಮ ಹೇಳಿದಳು. ಒಂದೂವರೆಗೆ ಹೆಪ್ಪಕ್ಕ ಬಂದು ಒಂಬತ್ತು ಟ್ಯೂಬುಗಳನ್ನು ಒಂದೊಂದಾಗಿ ಎತ್ತಿ, ಓರೆ ಮಾಡಿ, ಬರೆದುಕೊಂಡು, ಇಟ್ಟಳಂತೆ. ಹತ್ತನೆಯದರ ಹತ್ತಿರ ಕೈ ಹೋಯಿತಂತೆ. ಹಾಗೇ ಹಿಂದೆ ತೆಗೆದು, ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು, ಪೆಟ್ಟಿಗೆಗೆ ಬೆನ್ನು ಹಾಕಿ ಕೂತಳಂತೆ. ಬಾಯಿಬಡಕಿ ಈಗ ಬರ್ತಾಳೆ ಎಂದಳಂತೆ. ಐದು ನಿಮಿಷವೂ ಆಗಿರಲಿಲ್ಲ, ವಾರ್ಡಿನಲ್ಲಿ ನೋಡಲು ಬಿಡುವ ಹೊತ್ತಾಯಿತು. ನಾನು ಹಿಂದೆಯೇ ಬಂದು ನೋಡುತ್ತೇನೆಂದು ನಂಬಿ, ಎದ್ದು ತಂಗಿಯ ಹತ್ತಿರ ಹೋದಳಂತೆ.

ನಾನು ಇಳಿದು ಬಂದಾಗ ನಾಲ್ಕೂವರೆ. ಹತ್ತನೆಯ ಟ್ಯೂಬು ಎತ್ತಿ ಓರೆ ಮಾಡಿದೆ. ತಿಳಿಯಾದ ದ್ರವದ ನಡುವೆ ಒಂದು ಮೆತ್ತನೆಯ ಮುದ್ದೆ ತೇಲುತ್ತಿತ್ತು, ಉಗುರಿಗಿಂತ ಸ್ವಲ್ಪ ದೊಡ್ಡದು. ಓರೆ ಮಾಡುತ್ತಿದ್ದ ಹಾಗೆ ಅಂಚುಗಳು ಬಿಟ್ಟುಕೊಂಡವು. ಅದು ಏನು ಎಂದು ನನಗೆ ಗೊತ್ತಿತ್ತು. ಆದರೆ ಗೊತ್ತೆಂದು ಒಪ್ಪಿದರೆ ರಿಜಿಸ್ಟರಿನಲ್ಲಿ ನಾಲ್ಕೂವರೆ ಎಂದು ಹೊತ್ತು ಬರೆಯಬೇಕು, ಹೆಪ್ಪಕ್ಕನ ಮುಖ ನೋಡಬೇಕು. ಇದೇನೋ ಎಳೆ ಇರಬೇಕು, ಬೆಳಿಗ್ಗೆ ಹೇಗೂ ನೋಡುವುದಿದೆಯಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಟ್ಯೂಬನ್ನು ಇಟ್ಟೆ.

ಐದಕ್ಕೆ ಹೆಪ್ಪಕ್ಕ ವಾರ್ಡಿನಿಂದ ಇಳಿದು ಬಂದಳು. ಬಾಗಿಲಲ್ಲೇ ನಿಂತು, "ನೋಡಿದ್ಯಾ?" ಎಂದಳು.

"ನೋಡಿದೆ ಅಕ್ಕ. ಏನೂ ಇಲ್ಲ."

ಮೊದಲ ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ, ಹೇಳಿದ ಮೇಲೆ ನಾನೇ ಅರ್ಧ ನಂಬಿದೆ.

ಮರುದಿನ ಬೆಳಿಗ್ಗೆ ಟ್ಯೂಬಿನಲ್ಲಿದ್ದದ್ದು ನೀರು. ಮುದ್ದೆಯ ಸುಳಿವೂ ಇರಲಿಲ್ಲ. ಎರಡೂ ಕಾಲಮಿನಲ್ಲಿ ಒಂದೊಂದು ಅಡ್ಡಗೆರೆ ಎಳೆದೆ. ಇಲ್ಲ, ಇಲ್ಲ. ವರದಿ ಮೇಲೆ ಹೋಯಿತು. ಚರ್ಮದ ಮಾಮೂಲು ಅಣುಜೀವಿ, ಹೆದರಬೇಕಾದ್ದಿಲ್ಲ. ಸುದ್ದಿ ಕೇಳಿ ಹೆಪ್ಪಕ್ಕ ನನ್ನ ಎರಡೂ ಕೈ ಹಿಡಿದುಕೊಂಡಳು. ಅವಳು ಅಷ್ಟು ವರ್ಷದಲ್ಲಿ ನನ್ನನ್ನು ಮುಟ್ಟಿದ್ದು ಅದೇ ಮೊದಲು. "ಹೆದರಿಬಿಟ್ಟಿದ್ದೆ ಕಣೇ," ಎಂದಳು. ಕಣ್ಣಲ್ಲಿ ನೀರಿತ್ತು. "ಆ ಬಣ್ಣ ನೋಡಿ ರಾತ್ರಿಯೆಲ್ಲಾ ನಿದ್ದೆ ಇಲ್ಲ ನಂಗೆ. ನಿನ್ನ ಬಾಯಿಗೆ ಸಕ್ಕರೆ ಹಾಕ." ನಾನು ಕೈ ಬಿಡಿಸಿಕೊಳ್ಳಲಿಲ್ಲ. ಆಗಲೂ ಹೊತ್ತು ಮೀರಿರಲಿಲ್ಲ. ಆಗ ಹೇಳಿದ್ದರೂ ಪುಟ್ಟಿ ಉಳಿಯುತ್ತಿದ್ದಳು.

ಅಂದೇ ಪುಟ್ಟಿಯನ್ನು ಮನೆಗೆ ಕಳಿಸಿದರು. ಗಾಲಿಕುರ್ಚಿಯಲ್ಲಿ ಲ್ಯಾಬಿನ ಮುಂದೆ ಹಾದು ಹೋಗುವಾಗ ಅವಳು ನನ್ನ ಕೋಟಿನ ತೋಳು ಹಿಡಿದು, ತುದಿ ಬಿಟ್ಟುಕೊಂಡಿದೆ, ತಂದುಕೊಡು, ಹೊಲಿದುಕೊಡುತ್ತೇನೆ ಎಂದಳು.

ಮೂರನೆಯ ದಿನ ಚಳಿ ನಡುಕ ಹತ್ತಿ ಜ್ವರ ಬಂತು. ಕರೆತರುವ ಹೊತ್ತಿಗೆ ಮಾತು ತೊದಲುತ್ತಿತ್ತು. ರಕ್ತದಲ್ಲಿ ಅದೇ ದ್ರಾಕ್ಷಿ ಗೊಂಚಲು ಬೆಳೆಯಿತು. ಸರ್ಜನ್ ಕಾಲನ್ನು ಬಿಚ್ಚಿ ತೊಳೆದರು, ಜೋರು ಔಷಧಿ ಹಾಕಿದರು, ಎಲ್ಲವನ್ನೂ ಮಾಡಿದರು, ತಡವಾಗಿ ಮಾಡಿದರು.

ತೀವ್ರ ನಿಗಾ ಕೋಣೆಗೆ ದಿನಕ್ಕೆ ಎರಡೇ ಸಲ ಒಳಗೆ ಬಿಡುತ್ತಿದ್ದರು. ಉಳಿದ ಹೊತ್ತು ಹೆಪ್ಪಕ್ಕ ಲ್ಯಾಬಿನಲ್ಲೇ ಇದ್ದಳು. ರಕ್ತದಲ್ಲಿ ಬೆಳೆದದ್ದನ್ನು ತಾನೇ ಎತ್ತಿ ಟ್ಯೂಬು ಹಾಕಿದಳು. ಕಟ್ಟಳೆ ಮುರಿದು, ಕುರ್ಚಿಯನ್ನು ನೀರಿನ ಪೆಟ್ಟಿಗೆಯ ಎದುರಿಗೇ ಹಾಕಿಕೊಂಡು, ಅರ್ಧ ಗಂಟೆಗೊಮ್ಮೆ ಎತ್ತಿ ನೋಡಿದಳು. ಹನ್ನೆರಡೂವರೆಗೆ ಗಟ್ಟಿ ಹೆಪ್ಪು. ಒಂದೂವರೆಗೂ ಗಟ್ಟಿ. ಸಂಜೆಗೆ ಸಡಿಲ. ಬೆಳಿಗ್ಗೆ ನೀರು.

ಆ ಬೆಳಿಗ್ಗೆ ಅವಳು ನನ್ನ ಮೇಜಿನ ಹತ್ತಿರ ಬಂದಳು. ಕೈಯಲ್ಲಿ ರಿಜಿಸ್ಟರು, ನನ್ನ ಎರಡು ಅಡ್ಡಗೆರೆಗಳ ಪುಟದಲ್ಲಿ ಬೆರಳಿತ್ತು.

"ಅವತ್ತು ಒಂದೂವರೆಗೆ ನೋಡಿದಾಗ ಪೂರ್ತಿ ನೀರಾಗೇ ಇತ್ತಾ? ನೆನಪು ಮಾಡ್ಕೊಂಡು ಹೇಳು."

ಬೈದು ಕೇಳಿದ್ದರೆ ಹೇಳಿಬಿಡುತ್ತಿದ್ದೆನೋ ಏನೋ. ಅವಳ ದನಿಯಲ್ಲಿ ಅನುಮಾನ ಒಂದಿಷ್ಟೂ ಇರಲಿಲ್ಲ. ಹೋಗುವ ದಾರಿ ಕೇಳುವವರ ಹಾಗೆ ಕೇಳಿದಳು.

"ನೀರಾಗೇ ಇತ್ತು ಅಕ್ಕ."

ಅವಳು ತಲೆಯಾಡಿಸಿದಳು. ಪುಟದ ಮೇಲಿನ ಸಾಲುಗಳ ಮೇಲೆ ಬೆರಳಾಡಿಸಿದಳು. "ಪ್ಲಾಸ್ಮಾ ಸರಿ ಇತ್ತು. ಪಕ್ಕದ್ದು ಹೆಪ್ಪುಗಟ್ಟಿತ್ತು, ನಾನೇ ನೋಡಿದೀನಿ," ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. "ಹಾಗಾದ್ರೆ ತಪ್ಪು ಚುಕ್ಕಿ ಎತ್ತಿದೀನಿ. ಚರ್ಮದ್ದು ಎತ್ತಿದೀನಿ, ಇದನ್ನ ಬಿಟ್ಟಿದೀನಿ. ನನ್ನ ಕೈದೇ ತಪ್ಪು."

ಪುಟ್ಟಿ ಅಂದು ಸಂಜೆ ಐದಕ್ಕೆ ತೀರಿಕೊಂಡಳು.

ಹೆಪ್ಪಕ್ಕ ಹದಿನೈದು ದಿನ ಬಿಟ್ಟು ಕೆಲಸಕ್ಕೆ ಬಂದಳು. ಬಂದವಳೇ ದೊಡ್ಡ ಡಾಕ್ಟರ ಹತ್ತಿರ ಹೋಗಿ, ತನ್ನನ್ನು ಮಾದರಿ ತೆಗೆದುಕೊಳ್ಳುವ ಕಿಟಕಿಗೆ ಹಾಕಿ ಎಂದು ಕೇಳಿದಳು. ಅವರು ಎಷ್ಟು ಹೇಳಿದರೂ ಕೇಳಲಿಲ್ಲ. ಇಪ್ಪತ್ತೈದು ವರ್ಷ ಟ್ಯೂಬು ಓದಿದ ಕೈ ಮುಂದಿನ ಏಳು ವರ್ಷ ಸೀಸೆಗಳಿಗೆ ಚೀಟಿ ಅಂಟಿಸಿತು. ಅವಳ ಜಾಗದಲ್ಲಿ ನಾನು ಕೂತೆ. ಅನುಮಾನದ ಟ್ಯೂಬನ್ನು ಯಾರಾದರೂ ಕಿಟಕಿಯ ಹತ್ತಿರ ಒಯ್ದು ಒಂದು ಸಲ ನೋಡಿ ಎಂದರೆ, ಕೈಗಳನ್ನು ಕೋಟಿನ ಜೇಬಿಗೆ ಇಳಿಸಿಕೊಂಡು, "ನಂದು ನಂಬಬೇಡಿ, ಬಾಯಿಬಡಕಿಗೆ ತೋರಿಸಿ. ಅವಳ ಕಣ್ಣು ಚೊಕ್ಕ," ಎನ್ನುತ್ತಿದ್ದಳು. ಅವಳು ಲೋಟವನ್ನು ಓರೆ ಮಾಡುವುದನ್ನೂ ಬಿಟ್ಟಿದ್ದಳು. ನನಗೆ ಅದೊಂದು ನೋಡಲಾಗುತ್ತಿರಲಿಲ್ಲ.

ಏಳು ವರ್ಷ ನಾನು ಏನು ಮಾಡಿದೆ ಎಂದು ಕೇಳಬಹುದು. ಒಂದೂವರೆಯನ್ನು ಒಂದು ದಿನವೂ ತಪ್ಪಿಸಲಿಲ್ಲ. ಮೂರು ಸಲ ಹೇಳಲು ಹೊರಟೆ. ಒಂದು ಸಲ ಅವಳಿಗೆ ನೆಗಡಿ ಇತ್ತು, ಒಂದು ಸಲ ಕಿಟಕಿಯಲ್ಲಿ ಜನ ಇದ್ದರು, ಒಂದು ಸಲ ಏನೂ ಇರಲಿಲ್ಲ, ಆದರೂ ಹೇಳಲಿಲ್ಲ. ಬಾಯಿಬಡಕಿ ಎಂಬ ಹೆಸರು ಹೊತ್ತವಳಿಗೆ ಒಂದು ಮಾತು ಆಡಲಾಗಲಿಲ್ಲ.

ಬೀಳ್ಕೊಡುಗೆಗೆ ಒಂದು ವಾರವಿರುವಾಗ, ಕೆಲಸ ಮುಗಿಸಿ, ಬರೆದ ಪುಟ ಹಿಡಿದು ಅವಳ ಮನೆಗೆ ಹೋದೆ. ಓದುವ ಮೊದಲು ಅವಳೊಮ್ಮೆ ನೋಡಲಿ ಎಂದು. ಕೆಳಗಿನ ಅಂಗಡಿ ಮುಚ್ಚಿತ್ತು. ಮೇಲಿನ ಕೋಣೆಯಲ್ಲಿ ಒಂದು ಹೊಲಿಗೆ ಮೆಷಿನ್ನು, ಮೇಲೆ ಬಟ್ಟೆ ಹೊದಿಸಿತ್ತು. ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿ ಕೂತೆ. ಹೆಪ್ಪಕ್ಕ ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದಳು. ಅಧಿಕಾರಿಗಳಿಗೆ ಬೆನ್ನು ತಿರುಗಿಸಿದ ಕಥೆಯ ಹತ್ತಿರ ಒಂದು ಚೂರು ನಕ್ಕಳು. ಕೊನೆಯ ಸಾಲಿನಲ್ಲಿ ಬೆರಳಿಟ್ಟಳು.

"ಇದು ತೆಗಿ."

ನಾನು ಬಗ್ಗಿ ನೋಡಿದೆ. ಈ ಕೈ ಒಮ್ಮೆಯೂ ತಪ್ಪಲಿಲ್ಲ ಎಂದು ಬರೆದಿದ್ದೆ. ಯಾಕೆ ಹಾಗೆ ಬರೆದೆನೋ, ನೇರ ಹೇಳಲಾಗದ್ದನ್ನು ಹೀಗಾದರೂ ಹೇಳಿಬಿಡೋಣ ಎಂದು ಇದ್ದಿರಬಹುದು.

"ಸುಳ್ಳು ಬರೀಬಾರದು. ಒಂದು ಸಲ ತಪ್ಪಿದೆ, ನಿಂಗೇ ಗೊತ್ತು. ನೀನು ಒಳ್ಳೇ ಮನಸ್ಸಿಂದ ಬರೆದಿದೀಯ, ಆದ್ರೆ ತೆಗಿ ತಾಯಿ."

"ತಪ್ಪಿಲ್ಲ ಅಕ್ಕ," ಎಂದೆ.

"ಹುಂ, ನೀನು ಹಾಗೇ ಹೇಳ್ತೀಯ."

"ತಪ್ಪಿಲ್ಲ. ಹೆಪ್ಪಿತ್ತು. ನಾನು ನಾಲ್ಕೂವರೆಗೆ ನೋಡಿದಾಗ ಇತ್ತು, ಕರಗ್ತಾ ಇತ್ತು. ಒಂದೂವರೆಗೆ ನಾನು ನೋಡೇ ಇಲ್ಲ. ಆ ಗೆರೆ ಸುಳ್ಳು. ನಿಂಗೆ ಹೇಳಿದ್ದೂ ಸುಳ್ಳು. ನೀನು ಎತ್ತಿದ ಚುಕ್ಕಿ ಸರಿಯಾಗೇ ಇತ್ತು ಅಕ್ಕ."

ಹೆಪ್ಪಕ್ಕ ಪುಟವನ್ನು ತೊಡೆಯ ಮೇಲಿಟ್ಟಳು. ಕನ್ನಡಕ ತೆಗೆದಳು. ಹೊರಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸುತ್ತಾ ಹೋದರು.

"ಒಂದೂವರೆಗೆ ಎಲ್ಲಿದ್ದೆ?"

"ಮೇಲೆ. ಆ ಕಂಪನಿಯವರ ಊಟಕ್ಕೆ ಕೂತಿದ್ದೆ."

"ಏನಿತ್ತು ಊಟಕ್ಕೆ?"

ನೆನಪಿಲ್ಲ ಎನ್ನಬಹುದಿತ್ತು. ಅವಳಿಗೆ ಹೇಳುವ ಸುಳ್ಳು ಆ ಹೊತ್ತಿಗೆ ನನ್ನಲ್ಲಿ ಮುಗಿದಿತ್ತು. "ಐಸ್‌ಕ್ರೀಮ್ ಬರೋದಿತ್ತು. ಅದಕ್ಕೆ ಕೂತೆ," ಎಂದೆ.

ಅವಳು ತನ್ನ ಬಲಗೈಯನ್ನು ಎತ್ತಿ ಕಣ್ಣೆದುರು ಹಿಡಿದುಕೊಂಡಳು. ಅಂಗೈ ನೋಡಿದಳು, ಮಗುಚಿ ಹಿಂಬದಿ ನೋಡಿದಳು. ಮತ್ತೆ ಮೆಲ್ಲಗೆ ಓರೆ ಮಾಡಿದಳು, ಹಿಂದೆ ಟ್ಯೂಬು ಹಿಡಿಯುತ್ತಿದ್ದ ಹಾಗೆ. "ಸರಿಯಾಗೇ ಇತ್ತು," ಎಂದಳು. ನನಗೆ ಹೇಳಿದ್ದಲ್ಲ. "ಏಳು ವರ್ಷ. ದಿನಾ ಬೆಳಿಗ್ಗೆ ಎದ್ದು ಈ ಕೈನ ಬೈದಿದೀನಿ. ಅವತ್ತು ನಾನು ಒಂದೇ ಒಂದು ಸಲ ತಿರುಗಿ ಆ ಟ್ಯೂಬು ನೋಡಿದ್ರೆ ಸಾಕಿತ್ತು. ಕಟ್ಟಳೆ ಅಂತ ಬೆನ್ನು ಹಾಕಿ ಕೂತೆನಲ್ಲೇ ಪುಟ್ಟಿ."

ಆಗ ಅತ್ತಳು. ನಾನು ಎದ್ದು ಹತ್ತಿರ ಹೋದೆ. ಅವಳು ಕೈ ಅಡ್ಡ ಹಿಡಿದಳು, ಮುಟ್ಟಬೇಡ ಎಂಬಂತೆ. ಅಳು ನಿಲ್ಲುವವರೆಗೂ ನಾನು ನಡುಕೋಣೆಯಲ್ಲಿ ನಿಂತೇ ಇದ್ದೆ. ಕ್ಷಮಿಸು ಎಂದು ನಾನು ಕೇಳಲಿಲ್ಲ. ಅದನ್ನು ಕೇಳಲೂ ಒಂದು ಯೋಗ್ಯತೆ ಬೇಕು.

ಮುಖ ಒರೆಸಿಕೊಂಡು ಅವಳು ಕುರ್ಚಿಯ ಕಡೆ ಕೈ ತೋರಿಸಿದಳು.

"ಆ ಕೋಟು ಅವಳು ಹೊಲಿದದ್ದು. ಇಲ್ಲೇ ಬಿಟ್ಟು ಹೋಗು."

ಜೇಬಿನಿಂದ ಟೈಮರು ತೆಗೆದುಕೊಂಡು ಕೋಟನ್ನು ಕೊಟ್ಟೆ. ತೋಳಿನ ತುದಿ ಇನ್ನೂ ಬಿಟ್ಟುಕೊಂಡೇ ಇತ್ತು. ಏಳು ವರ್ಷ ಅದನ್ನು ಯಾರ ಕೈಗೂ ಕೊಟ್ಟಿರಲಿಲ್ಲ. ಅವಳು ಆ ತುದಿಯನ್ನು ಎರಡು ಬೆರಳಿನಲ್ಲಿ ಹಿಡಿದು ನೋಡಿದಳು, ಗುಂಡಿ ಹಾಕಿದಳು, ಮಡಚಿ ಮೆಷಿನ್ನಿನ ಮೇಲಿಟ್ಟಳು. ಬಾಗಿಲು ಹಾಕ್ಕೊಂಡು ಹೋಗು ಎಂದಳು. ಹಾಕಿಕೊಂಡು ಬಂದೆ.

ಬೀಳ್ಕೊಡುಗೆಗೆ ಅವಳು ಬರಲಿಲ್ಲ. ತಂದಿಟ್ಟ ಹಾರ ಮೇಜಿನ ಮೇಲೇ ಬಾಡಿತು. ಎಲ್ಲವನ್ನೂ ಬರೆದು ದೊಡ್ಡ ಡಾಕ್ಟರ ಕೈಗೆ ಕೊಟ್ಟೆ. ಅವರು ಎರಡು ಸಲ ಓದಿ, ನಾಳೆಯಿಂದ ಟ್ಯೂಬು ಮುಟ್ಟಬೇಡ ಎಂದರು, ಮುಂದಿನದನ್ನು ವಿಚಾರಣೆಯವರು ನೋಡುತ್ತಾರೆ ಎಂದರು. ಈಗ ನಾನು ಮಾದರಿ ತೆಗೆದುಕೊಳ್ಳುವ ಕಿಟಕಿಯಲ್ಲಿ, ಅವಳ ಕುರ್ಚಿಯಲ್ಲಿ ಕೂತು ಚೀಟಿ ಅಂಟಿಸುತ್ತೇನೆ. ಅಂಗಡಿಯಲ್ಲಿ ಕೊಂಡ ಕೋಟು, ಅದಕ್ಕೆ ಉದ್ದನೆಯ ಜೇಬಿಲ್ಲ. ಟೈಮರನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟುಕೊಳ್ಳುತ್ತೇನೆ. ಒಂದೂವರೆಗೆ ಅದು ಕಿರುಗುಟ್ಟುತ್ತದೆ. ಎದುರಿಗೆ ಯಾರೇ ನಿಂತಿರಲಿ, ನಾನಾಗಿ ಆರಿಸುವುದಿಲ್ಲ. ಅದು ತಾನಾಗಿ ನಿಲ್ಲುವವರೆಗೂ ಕೇಳುತ್ತಾ ಕೂರುತ್ತೇನೆ.